ಚೌಕಾಬಾರಕ್ಕೆ ಪಣ ಕಟ್ಟಿದೆವು

ಮುಂಬಯಿಯಲ್ಲಿ ಮಳೆ ಹಿಡಿದ ರಜಾದಿನವೆಂದರೆ ಏನೆಂಬುದು ಇಲ್ಲಿ ಸಂಸಾರ ಹೂಡಿದವರಿಗೆಲ್ಲ ಗೊತ್ತು. ಹೊರಗೆ ಕಾಲಿಡುವಂತಿಲ್ಲ, ಒಳಗೆ ಕಾಲು ನೀಡುವಂತಿಲ್ಲ. ಒಗೆದ ಬಟ್ಟೆ ಒಣಗದೆ ಮನೆಯ ಉದ್ದಗಲಕ್ಕೂ ತೋರಣದಂತೆ ತೂಗುತ್ತಿರುತ್ತದೆ. ಕಳೆದ ಗಣಪತಿ ಹಬ್ಬದ ರಜೆಯಲ್ಲಿ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ಮಂದಿ ಸೇರಿದ್ದೆವು. ನಾವು ದಂಪತಿಗಳು, ನಮ್ಮ ಮಗಳು, ಮಗ. ಪುಣೆಯಿಂದ ಬಂದ ಅಣ್ಣ, ಅತ್ತಿಗೆ, ಅವರ ಮಗ, ಮಗಳು. ಹಾಸನದ ಕಡೆಯ ನಮ್ಮ ಊರಿನಿಂದ ಬಂದ ತಾಯಿ. ಮೊಮ್ಮಕ್ಕಳಿಂದಾಗಿ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವರು ಅಜ್ಜಿಯೇ ಆಗಿದ್ದಾರೆ.

ಒಂಬತ್ತು ಮಂದಿ ಇದ್ದರೂ ಮನೆಯಲ್ಲಿ ಸದ್ದೇ ಇರಲಿಲ್ಲ. ಮಕ್ಕಳು ನಾಲ್ವರೂ ನಾಲ್ಕು ಮೂಲೆ ಹಿಡಿದು ಮೊಬೈಲಿನಲ್ಲಿ ಮುಳುಗಿದ್ದರು. ಅಜ್ಜಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅದರಲ್ಲಿ ನಾಲ್ಕು ಕವಡೆಗಳಿದ್ದವು.

“ಬನ್ರೋ, ಚೌಕಾಬಾರ ಆಡಿ. ನನಗಂತೂ ಮಂಡಿ ನೋವು, ನೆಲದ ಮೇಲೆ ಕೂರೋಕಾಗಲ್ಲ. ಕುರ್ಚಿ ಮೇಲೆ ಕೂತು ನೋಡ್ತೀನಿ” ಎಂದರು.

ಸೀಮೆಸುಣ್ಣದಿಂದ ನೆಲದ ಮೇಲೆ ಮನೆಗಳನ್ನು ಬರೆದೆವು. ಆಟ ಶುರುವಾಯಿತು. ನಾವು ಹೇಳಹೊರಟಿರುವುದು ಆಮೇಲೆ ನಡೆದ ಸಂಗತಿಯನ್ನು.

ಓಟದ ಆಟದ ಒಂದು ಕೊರತೆ

ಚೌಕಾಬಾರವನ್ನು ಓದುಗರಲ್ಲಿ ಅನೇಕರು ಬಲ್ಲರು. ಆದರೂ ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳ ಸಲುವಾಗಿ ನಾಲ್ಕು ಮಾತು. ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗಳು ನಾಲ್ವರ ಕಟ್ಟೆ. ಅಲ್ಲಿ ಕೂತ ಕಾಯನ್ನು ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ದಿಕ್ಕು ಬದಲಿಸಿ ಒಳಸುತ್ತು ಬಂದು, ನಟ್ಟನಡುವಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿ ಬೀಳುತ್ತವೆಯೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಚೌಕಕ್ಕೂ ಬಾರಕ್ಕೂ ಇನ್ನೊಂದು ಎಸೆತ ಉಂಟು.

ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ಹದಿನಾರು ಎಸೆತಕ್ಕೆ ಸರಾಸರಿ ಒಂದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ, ಚೌಕ ಒಮ್ಮೆ, ಬಾರ ಒಮ್ಮೆ ಬೀಳಬೇಕು. ಕೂಡಿಸಿ ಭಾಗಿಸಿದರೆ ಎಸೆತಕ್ಕೆ ಎರಡೂವರೆ ಮನೆಯಾಯಿತು. ಒಂದು ಕಾಯಿ ನಡುಮನೆ ಸೇರಲು 24 ಹೆಜ್ಜೆ, ನಾಲ್ಕಕ್ಕೆ 96. ಅಂದರೆ ಯಾರೂ ಹೊಡೆಯದೆ, ಒಂದು ಗರವೂ ವ್ಯರ್ಥವಾಗದೆ ಹೋದರೂ ಒಬ್ಬೊಬ್ಬನಿಗೆ ಸುಮಾರು 38 ಎಸೆತ ಬೇಕು. ನಾಲ್ವರ ಆಟವೆಂದರೆ ಮಧ್ಯಾಹ್ನದ ಊಟ ಮುಗಿಸಿ ಕೂತವರು ಸಂಜೆಯ ಕಾಫಿಗೆ ಏಳಬೇಕು.

ಇಲ್ಲಿಯೇ ಕೊರತೆ ಕಾಣಿಸಿಕೊಂಡಿತು. ಆಡುವವರು ನಾಲ್ವರು, ನೋಡುವವರು ಐವರು. ಆಡುವವರಲ್ಲಿಯೂ ಎರಡು ಕಾಯಿ ಹೊಡೆಸಿಕೊಂಡು ಹಿಂದೆ ಬಿದ್ದವನಿಗೆ ಆಟದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮೂರನೆಯ ಆಟದ ಹೊತ್ತಿಗೆ ಒಬ್ಬೊಬ್ಬರ ಕೈ ಮತ್ತೆ ಮೊಬೈಲಿನತ್ತ ಹರಿಯತೊಡಗಿತು.

ಆಗ ಅಣ್ಣನ ಮಗ ಒಂದು ಉಪಾಯ ಹೇಳಿದ. “ನೋಡೋರು ಸುಮ್ನೆ ಯಾಕೆ ಕೂರ್ಬೇಕು? ಯಾರು ಗೆಲ್ತಾರೆ ಅಂತ ಪಣ ಕಟ್ಲಿ.”

ಹುಣಿಸೆ ಬೀಜದ ಬ್ಯಾಂಕು

ಅಡಿಗೆಮನೆಯ ಡಬ್ಬಿಯಿಂದ ಹುಣಿಸೆ ಬೀಜ ಬಂತು. ತಲೆಗೆ ಇಪ್ಪತ್ತು ಬೀಜ. ಉಪಾಯ ಹೇಳಿದವನೇ ಬ್ಯಾಂಕು ನಡೆಸುವವನು. ಗೆಲ್ಲುವವರ ಮೇಲೆ ಕಟ್ಟಿದರೆ ಒಂದಕ್ಕೆ ಎರಡು. ಇಲ್ಲದಿದ್ದರೆ ಬೀಜ ಬ್ಯಾಂಕಿಗೆ. ಯಾರು ಬೇಕಾದರೂ, ಯಾವಾಗ ಬೇಕಾದರೂ ಕಟ್ಟಬಹುದು. ಆಡುವವರೂ ಕಟ್ಟಬಹುದು.

ಮನೆಯ ಕಳೆಯೇ ಬದಲಾಯಿತು. ಅಡಿಗೆಮನೆಯಲ್ಲಿದ್ದ ಅತ್ತಿಗೆ ಸೌಟು ಹಿಡಿದುಕೊಂಡೇ ಬಂದು ನಿಂತರು. ಕುರ್ಚಿಯಲ್ಲಿದ್ದ ಅಜ್ಜಿ ಮುಂದಕ್ಕೆ ಬಾಗಿದರು. ಯಾರದೋ ಕಾಯನ್ನು ಯಾರೋ ಹೊಡೆದರೆ ನೋಡುವವರೂ ‘ಅಯ್ಯೋ’ ಎಂದರು. ಅದೊಂದು ಗಂಟೆ ಬಹಳ ಚೆನ್ನಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಮಾರನೆಯ ದಿನ ಬ್ಯಾಂಕು ಮುಳುಗಿತು. ಕಾರಣ ಸರಳ. ಯಾವಾಗ ಬೇಕಾದರೂ ಕಟ್ಟಬಹುದಾದ್ದರಿಂದ ಎಲ್ಲರೂ ಕೊನೆಯವರೆಗೆ ಕಾದು, ಮೂರು ಕಾಯಿ ಹಣ್ಣು ಮಾಡಿಕೊಂಡವರ ಮೇಲೆ ಇದ್ದಬದ್ದ ಬೀಜವನ್ನೆಲ್ಲ ಸುರಿದರು. ಗೆಲ್ಲುವುದೆಂದು ಗೊತ್ತಾದ ಮೇಲೆ ಒಂದಕ್ಕೆ ಎರಡು ಕೊಡುವ ಬ್ಯಾಂಕು ಬಾಳುವುದುಂಟೆ?

ಎರಡನೆಯ ಕೇಡು ಇನ್ನೂ ಕೆಟ್ಟದ್ದು. ಅಣ್ಣನ ಮಗ ಬ್ಯಾಂಕು ಬಿಟ್ಟು ಆಡಲು ಕೂತ. ತನ್ನ ಬೀಜವನ್ನು ಗುಟ್ಟಾಗಿ ತಂಗಿಯ ಮೇಲೆ ಕಟ್ಟಿದ. ಮೂರು ಬಿದ್ದಾಗ ಅವಳ ಕಾಯನ್ನು ಹೊಡೆಯಬಹುದಾಗಿತ್ತು. ಹೊಡೆಯದೆ ಬೇರೆ ಕಾಯಿ ನಡೆಸಿದ. ನಮ್ಮ ಮಗ ಅದನ್ನು ಕಂಡುಬಿಟ್ಟ. ‘ಮೋಸ’ ಎಂಬ ಮಾತು ಬಂತು. ಚೌಕಾಬಾರದಲ್ಲಿ ಅದುವರೆಗೂ ಬಂದಿರದ ಮಾತು ಅದು.

ಮೂರನೆಯದಕ್ಕೆ ನಾವು ದೊಡ್ಡವರೇ ಹೊಣೆ. ಬೀಜಕ್ಕೆ ಬೆಲೆ ಇಲ್ಲದ್ದರಿಂದ ಎಲ್ಲರೂ ಮನಸ್ಸಿಗೆ ಬಂದಷ್ಟು ಕಟ್ಟುತ್ತಾರೆಂದು ಹೇಳಿ, ನಗುನಗುತ್ತಲೇ ಬೀಜಕ್ಕೆ ಒಂದು ರೂಪಾಯಿ ಎಂದು ಗೊತ್ತು ಮಾಡಿದೆವು. ಆರನೆಯ ಇಯತ್ತೆಯಲ್ಲಿರುವ ನಮ್ಮ ಮಗ ಇಪ್ಪತ್ತು ಬೀಜ ಕಳೆದ. ಅಕ್ಕನ ಹತ್ತಿರ ಹದಿನೈದು ಸಾಲ ತೆಗೆದ, ಅದನ್ನೂ ಕಳೆದ. ಆಮೇಲೆ ಒಳಗೆ ಹೋಗಿ ತನ್ನ ಕ್ರಿಕೆಟ್ ಬ್ಯಾಟನ್ನು ತಂದು ಹಲಗೆಯ ಪಕ್ಕಕ್ಕೆ ಇಟ್ಟ. ಮುಖ ಕೆಂಪಾಗಿತ್ತು. “ಇದಕ್ಕೆ ಎಷ್ಟು ಬೀಜ ಕೊಡ್ತೀರಿ?” ಎಂದು ಕೇಳಿದ.

ನಾವು ಯಾರೂ ಮಾತಾಡುವ ಮೊದಲೇ ಅಜ್ಜಿ ಕುರ್ಚಿಯಿಂದ ಎದ್ದರು. ಮಂಡಿ ನೋವಿನಲ್ಲೂ ಬಗ್ಗಿ, ನಾಲ್ಕು ಕವಡೆಗಳನ್ನು ಆಯ್ದು ಸೆರಗಿಗೆ ಗಂಟು ಹಾಕಿಕೊಂಡರು.

“ನಮ್ಮ ಸೋದರಮಾವ ತೆಂಗಿನ ತೋಟ ಕಳೆದದ್ದು ಒಂದೇ ರಾತ್ರಿಗಲ್ಲ ಕಣಪ್ಪ. ದೀಪಾವಳಿಗೆ ಇಸ್ಪೀಟು ಆಡ್ತಿದ್ರು. ಮೊದಲನೇ ವರ್ಷ ಹುಣಿಸೇ ಬೀಜಾನೇ ಇಟ್ಕೊಂಡಿದ್ದು. ಆಮೇಲೆ ಕಾಸು, ಆಮೇಲೆ ಕೈಗಡಿಯಾರ, ಆಮೇಲೆ ಸಾಲದ ಚೀಟಿ. ತೋಟ ಕೊನೇಗೆ ಹೋದದ್ದು. ಬ್ಯಾಟು ಒಳಗಿಡು ಮಗು.”

ಆ ಸಂಜೆಗೆ ಆಟ ನಿಂತಿತು.

ಹಳೆಯ ಪಣ, ಹೊಸ ಪಣ

ಪಣದ ಕತೆ ನಮ್ಮ ದೇಶದಲ್ಲಿ ಎಷ್ಟು ಹಳೆಯದೆಂದರೆ ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವೇ ಜೂಜುಗಾರನ ಗೋಳು. ಅಂದು ದಾಳವಾಗಿದ್ದದ್ದು ತಾರೆಕಾಯಿ. ಹೆಂಡತಿ ದೂರವಾದಳು, ಸಾಲಕ್ಕಂಜಿ ರಾತ್ರಿ ಹೊತ್ತು ಕಂಡವರ ಮನೆಯತ್ತ ನಡೆಯಬೇಕಾಯಿತು ಎಂದು ಅವನು ಹೇಳಿಕೊಳ್ಳುತ್ತಾನೆ. ದಾಳ ಬಿಟ್ಟು ಹೊಲ ಉಳು ಎಂದು ಅವನಿಗೆ ಬುದ್ಧಿಮಾತು.

ಸಭಾಪರ್ವದ ದ್ಯೂತಪ್ರಸಂಗವನ್ನು ಗಮಕಿಗಳ ಬಾಯಲ್ಲಿ ಕುಮಾರವ್ಯಾಸನ ಷಟ್ಪದಿಯಾಗಿ ಕೇಳದ ಕನ್ನಡಿಗರು ವಿರಳ. ಆದರೆ ಅದರಲ್ಲಿನ ಒಂದು ಸೂಕ್ಷ್ಮ ನಮಗೆ ಹೊಳೆದದ್ದು ನಮ್ಮ ಮನೆಯ ಜಗಳವಾದ ಮೇಲೆಯೇ. ವ್ಯಾಸಭಾರತದಲ್ಲಿ ಪಣದ ಧನ ಒದಗಿಸುವವನು ದುರ್ಯೋಧನ. ಅವನ ಪರವಾಗಿ ದಾಳ ಹಾಕುವವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಧರ್ಮರಾಯ ಮೊದಲೇ ಆಕ್ಷೇಪಿಸುತ್ತಾನೆ, ಆಕ್ಷೇಪಿಸಿಯೂ ಆಡುತ್ತಾನೆ. ಪಣಕ್ಕೆ ಮಿತಿಯೂ ಇಲ್ಲ, ಆಟಕ್ಕೆ ಕೊನೆಯೂ ಇಲ್ಲ. ಧನಕನಕ ಹೋಯಿತು, ರಾಜ್ಯ ಹೋಯಿತು, ತಮ್ಮಂದಿರು ಹೋದರು, ತಾನೂ ಹೋದ, ದ್ರೌಪದಿಯೂ ಪಣವಾದಳು. ಕೈಯಲ್ಲಿ ಏನೂ ಇಲ್ಲದವನು ಇಲ್ಲದ್ದನ್ನೂ ಒಡ್ಡಬಹುದಾದ ಆಟ ಅದು. ನಮ್ಮ ಹುಡುಗನ ಬ್ಯಾಟು ಆ ದಾರಿಯ ಮೊದಲನೆಯ ಮೆಟ್ಟಿಲು.

ಕಾಲೇಜಿನಲ್ಲಿ ಓದುವ ನಮ್ಮ ಮಗಳ ಅಭಿಪ್ರಾಯ ಬೇರೆ. “ಪಣ ಕಟ್ಟಿದ್ದು ತಪ್ಪಲ್ಲಪ್ಪ. ಕಟ್ಟಳೆ ಇಲ್ದೆ ಕಟ್ಟಿದ್ದು ತಪ್ಪು. ಅಜ್ಜಿ ಕುರ್ಚಿಯಿಂದ ಬಗ್ಗಿ ನೋಡಿದ್ದು ಆ ಒಂದು ಗಂಟೇಲಿ ಮಾತ್ರ” ಎಂದಳು. ಅಜ್ಜಿ ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಓಟದ ಆಟಗಳಿಗೆ ಬೇರೆಯವರು ಪಣವನ್ನು ಹೇಗೆ ಕೂಡಿಸಿದ್ದಾರೆಂದು ಮಗಳು ಹುಡುಕಿ ತಂದಳು. ಅದರಲ್ಲಿ ಮೂರು ಸಂಗತಿಗಳು ನಮಗೆ ಉಪಯೋಗಕ್ಕೆ ಬಂದವು.

ಮೊದಲನೆಯದು ಬ್ಯಾಕ್‌ಗ್ಯಾಮನ್. ಇದೂ ನಮ್ಮ ಪಗಡೆಯಂತೆ ದಾಳ ಹಾಕಿ ಕಾಯಿ ಮನೆ ಸೇರಿಸುವ ಓಟದ ಆಟ. ಈ ಪ್ರಾಚೀನ ಆಟಕ್ಕೆ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೊಸದೊಂದು ದಾಳ ಬಂದು ಸೇರಿತು. ಅದರ ಆರು ಮುಖಗಳ ಮೇಲೆ 2, 4, 8, 16, 32, 64 ಎಂದು ಬರೆದಿರುತ್ತದೆ. ಅದನ್ನು ಎಸೆಯುವುದಿಲ್ಲ. ತಾನು ಗೆಲ್ಲುವೆನೆಂದು ಕಂಡವನು ತನ್ನ ಸರದಿಯಲ್ಲಿ ‘ಪಣ ಇಮ್ಮಡಿ’ ಎನ್ನುತ್ತಾನೆ. ಎದುರಾಳಿ ಒಪ್ಪಬೇಕು, ಇಲ್ಲವೆ ಇದ್ದಷ್ಟು ಪಣ ಕೊಟ್ಟು ಆಟ ಬಿಡಬೇಕು. ಒಪ್ಪಿದರೆ, ಮುಂದಿನ ಸಲ ಇಮ್ಮಡಿ ಎನ್ನುವ ಹಕ್ಕು ಅವನಿಗೇ ಸೇರುತ್ತದೆ.

ಯಾವಾಗ ಒಪ್ಪಬೇಕೆಂಬುದಕ್ಕೆ ಚೆಂದದ ಲೆಕ್ಕವಿದೆ. ನಾಲ್ಕು ಸಲದಲ್ಲಿ ಒಂದು ಸಲ ಗೆಲ್ಲುವ ಸ್ಥಿತಿಯಲ್ಲಿ ನೀವಿದ್ದೀರೆಂದುಕೊಳ್ಳಿ. ನಾಲ್ಕು ಸಲವೂ ಬಿಟ್ಟುಕೊಟ್ಟರೆ ನಷ್ಟ ನಾಲ್ಕು. ನಾಲ್ಕು ಸಲವೂ ಒಪ್ಪಿ ಆಡಿದರೆ ಮೂರು ಸಲ ಎರಡೆರಡರಂತೆ ಆರು ನಷ್ಟ, ಒಂದು ಸಲ ಎರಡು ಲಾಭ. ಕಳೆದರೆ ನಷ್ಟ ನಾಲ್ಕೇ. ಎರಡೂ ಸಮ. ಆದ್ದರಿಂದ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಆಸೆ ಇದ್ದರೆ ಒಪ್ಪು, ಕಡಿಮೆ ಇದ್ದರೆ ಬಿಡು. ಸೋತದ್ದು ಖಚಿತವಾದ ಆಟವನ್ನು ಸುಮ್ಮನೆ ಎಳೆಯುವ ಬೇಸರವನ್ನು ಈ ಒಂದು ದಾಳ ತಪ್ಪಿಸಿತು.

ಎರಡನೆಯದು ಪ್ಯಾರಿಸಿನ ಕುದುರೆ ಜೂಜಿನ ಪದ್ಧತಿ. 1860ರ ದಶಕದಲ್ಲಿ ಜೋಸೆಫ್ ಓಲೆ ಎಂಬವನು ರೂಪಿಸಿದ್ದು. ಕಟ್ಟಿದ ಹಣವೆಲ್ಲ ಒಂದೇ ರಾಶಿ. ನಡೆಸುವವರ ಪಾಲು ತೆಗೆದು, ಉಳಿದದ್ದನ್ನು ಗೆದ್ದ ಕುದುರೆಯ ಮೇಲೆ ಕಟ್ಟಿದವರಿಗೆ ಹಂಚುವುದು. ಇಲ್ಲಿ ಬ್ಯಾಂಕು ಮುಳುಗುವ ಪ್ರಶ್ನೆಯೇ ಇಲ್ಲ, ಏಕೆಂದರೆ ರಾಶಿಯಲ್ಲಿ ಇದ್ದಷ್ಟನ್ನೇ ಹಂಚುವುದು. ನಮ್ಮ ಲೆಕ್ಕಕ್ಕೆ ಇಳಿಸಿದರೆ ಹೀಗೆ: ಐವರು ಎರಡೆರಡು ಬೀಜ ಹಾಕಿದರೆ ಹತ್ತು. ನಾಲ್ವರು ಮುಂದಿರುವವನ ಮೇಲೆ, ಒಬ್ಬರು ಹಿಂದಿರುವವನ ಮೇಲೆ ಕಟ್ಟಿದ್ದಾರೆ. ಮುಂದಿರುವವನು ಗೆದ್ದರೆ ನಾಲ್ವರಿಗೂ ಹಾಕಿದ ಎರಡೇ ವಾಪಸು, ಎರಡು ಬಟ್ಟಲಲ್ಲೇ ಉಳಿಯಿತು. ಹಿಂದಿರುವವನು ಗೆದ್ದರೆ ಹತ್ತೂ ಒಬ್ಬರಿಗೇ. ಎಲ್ಲರೂ ಹೋದ ಕಡೆಗೆ ಹೋದವನಿಗೆ ಹೆಚ್ಚೇನೂ ದಕ್ಕುವುದಿಲ್ಲ.

ಮೂರನೆಯದು ‘ಕ್ಯಾಮೆಲ್ ಅಪ್’ ಎಂಬ ಒಂಟೆ ಓಟದ ಆಟ. ಸ್ಟೆಫನ್ ಬೋಗನ್ ಎಂಬವರು ರಚಿಸಿದ್ದು. ಜರ್ಮನಿಯಲ್ಲಿ ಪ್ರತಿ ವರ್ಷ ಕೊಡುವ ‘ವರ್ಷದ ಆಟ’ ಪ್ರಶಸ್ತಿ 2014ರಲ್ಲಿ ಇದಕ್ಕೆ ಬಂತು. ಇದರ ವಿಶೇಷವೇನೆಂದರೆ ಐದು ಒಂಟೆಗಳಲ್ಲಿ ಒಂದೂ ಯಾರ ಸ್ವಂತದ್ದೂ ಅಲ್ಲ. ಆಡುವವರೆಲ್ಲ ಪಣ ಕಟ್ಟುವವರೇ. ಒಂಟೆ ಒಂಟೆಯ ಬೆನ್ನೇರುತ್ತದೆ. ಕೆಳಗಿನದು ನಡೆದರೆ ಮೇಲಿನದೂ ಸವಾರಿ. ಓಟದ ಒಂದೊಂದು ಸುತ್ತಿಗೆ ಮುಂದಿರುವ ಒಂಟೆಯನ್ನು ಊಹಿಸಬೇಕು. ಒಂದು ಒಂಟೆಯ ಚೀಟಿಯನ್ನು ಮೊದಲು ಎತ್ತಿದವನಿಗೆ ಐದು, ಎರಡನೆಯವನಿಗೆ ಮೂರು, ಆಮೇಲಿನವನಿಗೆ ಎರಡು. ಊಹೆ ತಪ್ಪಿದರೆ ಒಂದು ದಂಡ. ಮೊದಲೇ ಧೈರ್ಯ ಮಾಡಿದವನಿಗೆ ಹೆಚ್ಚು, ಕಾದು ಕೂತವನಿಗೆ ಕಡಿಮೆ. ಇದು ನ್ಯಾಯವಾಗಿದೆಯೆಂದು ಮನೆಯಲ್ಲಿ ಎಲ್ಲರೂ ಒಪ್ಪಿದರು.

ನಮ್ಮ ಮನೆಯ ಕಟ್ಟಳೆ

ಇಷ್ಟನ್ನೂ ಇಟ್ಟುಕೊಂಡು ಮಕ್ಕಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಟ್ಟಳೆಗಳನ್ನು ಬರೆದರು. ಎರಡು ದಿನ ಆಡಿ ತಿದ್ದಿದ ಮೇಲೆ ಉಳಿದದ್ದು ಇವು:

1. ಆಡುವವರು ಪಣ ಕಟ್ಟುವಂತಿಲ್ಲ. ನೋಡುವವರು ಕಾಯಿ ಮುಟ್ಟುವಂತಿಲ್ಲ, ನಡೆ ಹೇಳಿಕೊಡುವಂತಿಲ್ಲ. ಮುಂದಿನ ಆಟಕ್ಕೆ ಪಾತ್ರ ಬದಲು.

2. ನೋಡುವವರಿಗೆ ಆಟಕ್ಕೆ ತಲಾ ಐದು ಬೀಜ. ಮುಗಿದರೆ ಮುಗಿಯಿತು. ಸಾಲ ಕೊಡುವಂತಿಲ್ಲ, ಕೇಳುವಂತಿಲ್ಲ. ಬೀಜಕ್ಕೆ ಬದಲಾಗಿ ಬೇರೆ ಏನನ್ನೂ ಇಡುವಂತಿಲ್ಲ.

3. ಪಣವೆಲ್ಲ ಒಂದೇ ಬಟ್ಟಲಿಗೆ. ಗೆದ್ದವರ ಮೇಲೆ ಕಟ್ಟಿದವರಿಗೆ ಪಾಲು. ಮೊದಲ ಕವಡೆ ಬೀಳುವ ಮುನ್ನ ಹಾಕಿದ ಬೀಜಕ್ಕೆ ಎರಡು ಪಾಲು, ಆಮೇಲೆ ಹಾಕಿದ್ದಕ್ಕೆ ಒಂದು ಪಾಲು. ಯಾರದಾದರೂ ಮೊದಲನೆಯ ಕಾಯಿ ಹಣ್ಣಾದ ಕೂಡಲೆ ಬಟ್ಟಲು ಮುಚ್ಚಬೇಕು. ಪಾಲಾಗದೆ ಉಳಿದ ಬೀಜ ಅಜ್ಜಿಯ ಡಬ್ಬಿಗೆ.

4. ರಾತ್ರಿ ಊಟಕ್ಕೆ ಎಲೆ ಹಾಕುವಾಗ ಎಲ್ಲ ಬೀಜವೂ ಅಡಿಗೆಮನೆಯ ಡಬ್ಬಿಗೆ. ನಾಳೆಗೆ ಯಾರ ಹೆಸರಿನಲ್ಲಿಯೂ ಏನೂ ಉಳಿಯುವುದಿಲ್ಲ.

ಬ್ಯಾಕ್‌ಗ್ಯಾಮನ್ನಿನ ಇಮ್ಮಡಿ ಪದ್ಧತಿ ನಾಲ್ವರ ಆಟಕ್ಕೆ ಹೊಂದಲಿಲ್ಲ. ಒಬ್ಬ ‘ಇಮ್ಮಡಿ’ ಎಂದರೆ ಉಳಿದ ಮೂವರೂ ಒಂದೊಂದು ಮಾತು ಹೇಳಿ ಗದ್ದಲವಾಯಿತು. ಅದನ್ನು ಇಬ್ಬರ ಆಟಕ್ಕೆ ಮಾತ್ರ ಇಟ್ಟುಕೊಂಡೆವು.

ಒಂದನೆಯ ಕಟ್ಟಳೆ ಶಕುನಿಯಿಂದ ಕಲಿತದ್ದು, ಎರಡನೆಯದು ಧರ್ಮರಾಯನಿಂದ. ನಾಲ್ಕನೆಯದನ್ನು ಹೇಳಿದವರು ಅಜ್ಜಿ. ಕ್ಯಾಲೆಂಡರಿನ ಮೇಲೆ ಅದನ್ನು ಬರೆಸಿದ ಮೇಲೆಯೇ ಅವರು ಸೆರಗಿನ ಗಂಟು ಬಿಚ್ಚಿ ಕವಡೆಗಳನ್ನು ಕೊಟ್ಟರು.

ಕುರ್ಚಿಯ ಮೇಲಿನವರ ಗೆಲವು

ಆಮೇಲಿನ ನಾಲ್ಕು ದಿನ ಮನೆಯಲ್ಲಿ ಅತಿ ಹೆಚ್ಚು ಬೀಜ ಗೆದ್ದವರು ಯಾರೆಂದು ಓದುಗರು ಆಗಲೇ ಊಹಿಸಿರಬಹುದು. ಅಜ್ಜಿಯೇ. ನೆಲದ ಮೇಲೆ ಕೂತು ಆಡಲಾಗದವರು ಕುರ್ಚಿಯ ಮೇಲಿನಿಂದಲೇ ಎಲ್ಲರನ್ನೂ ಓದಿಕೊಂಡಿದ್ದರು. ಮೊದಲ ಕವಡೆ ಬೀಳುವ ಮುನ್ನವೇ ಎರಡು ಬೀಜ ಹಾಕಿಬಿಡುತ್ತಿದ್ದರು. ಕೇಳಿದರೆ ಹೇಳಿದರು: “ದೊಡ್ಡವನಿಗೆ ಹೊಡೆಯೋ ಚಪಲ, ಕಟ್ಟೆ ಬಿಟ್ಟು ಬರ್ತಾನೆ. ಪುಣೆ ಹುಡುಗಿ ಹಂಗಲ್ಲ. ಒಂದೇ ಒಂದು ಹೊಡೆದು, ಆಮೇಲೆ ಕಟ್ಟೆಯಿಂದ ಕಟ್ಟೆಗೇ ನಡೀತಾಳೆ. ಸದ್ದಿಲ್ದೆ ಹಣ್ಣು ಮಾಡ್ಕೊಳ್ತಾಳೆ.” ಕವಡೆ ಹೇಗೆ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ, ಬಿದ್ದ ಗರವನ್ನು ಯಾರು ಹೇಗೆ ಬಳಸುತ್ತಾರೆಂಬುದನ್ನು ಮಾತ್ರ ಅವರು ತಿಳಿದಿದ್ದರು. ವರ್ಷಕ್ಕೊಮ್ಮೆ ನೋಡುವ ಮೊಮ್ಮಕ್ಕಳ ಸ್ವಭಾವವನ್ನು ಅವರು ಅಷ್ಟು ಬೇಗ ಅರಿತದ್ದು ನಮಗೆ ಆಶ್ಚರ್ಯವೇ.

ನಮ್ಮ ಮಗನ ವಿಷಯವನ್ನೂ ಹೇಳಬೇಕು. ಎರಡನೆಯ ದಿನ ಅವನ ಮೂರು ಕಾಯಿ ಹೊಡೆತ ತಿಂದು ಹೊರಗೇ ಇದ್ದವು. ಹಿಂದಿನ ಹಾಗಾಗಿದ್ದರೆ ಎದ್ದು ಹೋಗುತ್ತಿದ್ದ. ಬಟ್ಟಲು ಇನ್ನೂ ಮುಚ್ಚಿರಲಿಲ್ಲ. ಅಜ್ಜಿ ಒಂದು ಬೀಜ ತೆಗೆದು ಅವನ ಹೆಸರಿಗೆ ಹಾಕಿದರು. ಹುಡುಗ ಕೂತ, ಕೊನೆಯವರೆಗೂ ಕೂತು ಆಡಿದ. ಗೆಲ್ಲಲಿಲ್ಲ, ಮೂರನೆಯವನಾದ. ಅಜ್ಜಿಯ ಬೀಜ ಹೋಯಿತು. ಅಂದು ರಾತ್ರಿ ಡಬ್ಬಿಗೆ ಬೀಜ ಸುರಿಯುವಾಗ ಅವನು ಅಜ್ಜಿಯನ್ನು ಕೇಳಿದ, “ಸೋಲ್ತೀನಿ ಅಂತ ಗೊತ್ತಿದ್ರೂ ಯಾಕೆ ಹಾಕಿದ್ರಿ?” “ನಾಳೆ ಬೆಳಿಗ್ಗೆ ಮತ್ತೆ ಐದು ಕೊಡ್ತಾರಲ್ಲೋ” ಎಂದು ಅವರು ನಕ್ಕರು.

ಪಣದ ಗುಟ್ಟು ಆ ಮಾತಿನಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಪಣ ಕಟ್ಟಿದವನು ನೋಟಕನಾಗಿ ಉಳಿಯುವುದಿಲ್ಲ. ಇನ್ನೊಬ್ಬರ ಏಳುಬೀಳು ಅವನದೂ ಆಗುತ್ತದೆ. ಅದು ಅದರ ಗುಣ. ಆದರೆ ಕಳೆದದ್ದನ್ನು ನಾಳೆ ಗಳಿಸಿಯೇ ತೀರಬೇಕೆಂಬ ಹಟ ಒಳಗೆ ಬಂದರೆ ಅದೇ ಪಣ ತೋಟವನ್ನು ನುಂಗುತ್ತದೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳಲ್ಲಿ ಎಷ್ಟೋ ಸಂಸಾರಗಳು ನೊಂದ ಮೇಲೆ, 2025ರಲ್ಲಿ ಕೇಂದ್ರ ಸರ್ಕಾರ ಅಂಥ ಆಟಗಳನ್ನು ನಿಷೇಧಿಸುವ ಕಾನೂನನ್ನೇ ತರಬೇಕಾಯಿತು. ಕಾನೂನು ಅಂಗಡಿಯ ಬಾಗಿಲು ಹಾಕಬಲ್ಲದು. ಸೋತ ಮೇಲೆ ಏಳುವುದನ್ನು ಮಕ್ಕಳು ಮನೆಯಲ್ಲಿಯೇ ಕಲಿಯಬೇಕು, ಬೆಲೆಯಿಲ್ಲದ ಬೀಜ ಸೋತು ಕಲಿಯಬೇಕು.

ರಜೆ ಮುಗಿದು ಪುಣೆಯವರು ಹೊರಟರು. ಅಜ್ಜಿ ಊರಿಗೆ ಹೋಗುವಾಗ ಕವಡೆಗಳನ್ನು ಇಲ್ಲಿಯೇ ಬಿಟ್ಟುಹೋದರು. ಕ್ಯಾಲೆಂಡರಿನ ಹಾಳೆ ಅಡಿಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ಈಗ ಭಾನುವಾರ ಸಂಜೆ ಅಜ್ಜಿಗೆ ಫೋನು ಹೋಗುತ್ತದೆ. “ಯಾರ್ಯಾರು ಕೂತಿದ್ದೀರಿ?” ಎಂದು ಕೇಳುತ್ತಾರೆ. ಕೇಳಿಕೊಂಡು, “ಎರಡು ಬೀಜ ಚಿಕ್ಕವನ ಮೇಲೆ ಹಾಕು, ಕವಡೆ ಬೀಳೋಕೆ ಮುಂಚೆ” ಎನ್ನುತ್ತಾರೆ. ನಾವು ಅವರ ಹೆಸರಿನಲ್ಲಿ ಎರಡು ಬೀಜ ಎಣಿಸಿ ಬಟ್ಟಲಿಗೆ ಹಾಕುತ್ತೇವೆ.